ಅಕ್ಕಾರು ಕೂಡಿಟ್ಟ ತಪ್ಪುಗಳು

ಅದು ಹಳೆಯ ಪತ್ರಿಕೆಯ ತುಣುಕುಗಳನ್ನು ಅಂಟಿಸಿದ ಒಂದು ಹಾಳೆ. ಎಣ್ಣೆ ಹೀರಿ ತೆಳ್ಳಗಾಗಿ, ಹಿಂದಿನ ಬದಿಯ ಅಕ್ಷರಗಳು ಮುಂದಿನ ಬದಿಯವುಗಳ ಜೊತೆ ಸೇರಿಕೊಂಡಿದ್ದವು. ಹೋದ ವಾರ ಗದಗಿನ ಕಾಲೇಜೊಂದರಲ್ಲಿ, ಪತ್ರಿಕೋದ್ಯಮ ಓದುವ ಮಕ್ಕಳಿಗಾಗಿ ಹೊಸದಾಗಿ ತೆರೆದ ಗ್ರಂಥಾಲಯದ ಕೋಣೆಯಲ್ಲಿ, ವಿದ್ಯಾರ್ಥಿನಿಯೊಬ್ಬಳು ಅದನ್ನು ನನ್ನ ಮುಂದೆ ಹಿಡಿದಳು.

“ಅಜ್ಜಾರ, ಇದಕ್ಕ ಎಣ್ಣಿ ಹೆಂಗ ಹತ್ತಿತ್ರಿ?”

ಮೂಗಿನ ಹತ್ತಿರ ತಂದೆ. ಇಷ್ಟು ವರ್ಷಗಳ ಮೇಲೂ ಮಿರ್ಚಿ ಭಜಿಯ ವಾಸನೆ ಬಂತು ಎಂದರೆ ನೀವು ನಂಬಲಿಕ್ಕಿಲ್ಲ. ನನಗಂತೂ ಬಂತು. ನಾನು ಮುಂಡರಗಿಯಲ್ಲಿ ಬಹಳ ವರ್ಷ ಪತ್ರಿಕೆ ಏಜೆಂಟನಾಗಿದ್ದವನು. ಹಳೆಯ ಪತ್ರಿಕೆಗಳ ಗುರುತು ಹೇಳಲಿಕ್ಕೆಂದು ಕಾಲೇಜಿನವರು ಕರೆಸಿದ್ದರು. ಅವರ ಕಪಾಟಿನಲ್ಲಿ ನಮ್ಮ ಅಕ್ಕಾರ ಕಡತಗಳು ಇರುತ್ತವೆಂದು ನನಗೆ ಯಾರೂ ಹೇಳಿರಲಿಲ್ಲ...

ಅಕ್ಕಾರು ನಮ್ಮೂರ ಗ್ರಂಥಾಲಯ ನೋಡಿಕೊಳ್ಳುತ್ತಿದ್ದವರು. ತವರು ಬೆಟಗೇರಿ. ಶಾಲೆಯಲ್ಲಿ ಕಲಿಸಿದವರಲ್ಲ, ಆದರೂ ಊರೆಲ್ಲ ಶಾಲೆಯ ಶಿಕ್ಷಕಿಯರನ್ನು ಕರೆಯುವಂತೆ ಅವರನ್ನೂ ಮರ್ಯಾದೆಯಿಂದ ಅಕ್ಕಾರು ಎಂದೇ ಕರೆಯುತ್ತಿತ್ತು. ನಾನು ಆಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿ ಏಜೆನ್ಸಿ ಹಿಡಿದಿದ್ದೆ. ದಿನಾ ಮುಂಜಾನೆ ಗ್ರಂಥಾಲಯದ ಪತ್ರಿಕೆಗಳನ್ನು ಕೊಟ್ಟು ಸೈಕಲ್ ಹತ್ತುವುದಷ್ಟೇ ನನ್ನ ಕೆಲಸ. ಒಂದು ದಿನ ಅವರು ನನ್ನನ್ನು ನಿಲ್ಲಿಸಿ ಮೂರು ಪತ್ರಿಕೆಗಳನ್ನು ಮೇಜಿನ ಮೇಲೆ ಒತ್ತಟ್ಟಿಗೆ ಹರವಿದರು.

“ನೋಡು ತಮ್ಮಾ, ಒಂದ ಲಾರಿ ಮೂರು ಪೇಪರಿನ್ಯಾಗ ಮೂರು ಊರಾಗ ಉರುಳೇತಿ. ಖರೆ ಎಲ್ಲಿ ಉರುಳಿತು?”

“ನನಗೇನ ಗೊತ್ರಿ ಅಕ್ಕಾರ?”

“ಗೊತ್ತಿಲ್ಲಂದ್ರ ಕಾಲು ಅದಾವಲ್ಲ? ಸೈಕಲ್ಲೂ ಐತಿ.”

ಹೋದೆ! ಉಳಿದ ಪತ್ರಿಕೆಗಳನ್ನು ಹಂಚುವುದನ್ನೂ ಮರೆತು ಹೋದೆ. ಲಾರಿ ಉರುಳಿದ ಜಾಗ ಕಂಡೆ, ಅಲ್ಲಿ ಹೊಲದಲ್ಲಿದ್ದವರನ್ನು ಕೇಳಿದೆ, ಬೆವರು ಸುರಿಸುತ್ತ ಬಂದು ಹೇಳಿದೆ. ಮೂರೂ ಪತ್ರಿಕೆ ತಪ್ಪು ಬರೆದಿದ್ದವು, ನಾನೊಬ್ಬನೇ ಸರಿ! ಅವತ್ತು ಆದ ಹಿಗ್ಗು ಮದುವೆಯ ದಿನವೂ ಆಗಲಿಲ್ಲ. ಅಕ್ಕಾರೇ ಹುಬ್ಬಳ್ಳಿಯ ಒಂದು ದಿನಪತ್ರಿಕೆಗೆ ಕಾಗದ ಬರೆದು ನನ್ನನ್ನು ಊರಿನ ಸುದ್ದಿಗಾರನನ್ನಾಗಿ ಮಾಡಿದರು.

ಅವರ ಬಳಿ ಒಂದು ಕಪಾಟಿತ್ತು. ಪತ್ರಿಕೆಯ ಕೆಲಸ ಕಲಿಯುವವರಿಗೆಂದೇ ಮಾಡಿದ್ದು. ಕೊಳ್ಳಲು ಪುಸ್ತಕಗಳು ಹೆಚ್ಚು ಸಿಗುತ್ತಿರಲಿಲ್ಲ, ಆದ್ದರಿಂದ ಅವರು ಏನನ್ನೂ ಬಿಡುತ್ತಿರಲಿಲ್ಲ. ಎರಡು ನಿಘಂಟು, ಜಿಲ್ಲೆಯ ಗೆಜೆಟಿಯರು, ಜನಗಣತಿಯ ಪುಸ್ತಕ, ಕಾಯಿದೆಯ ಒಂದು ದಪ್ಪ ಹೊತ್ತಿಗೆ, ಟೆಲಿಫೋನ್ ಡೈರೆಕ್ಟರಿ, ರೈಲಿನ ವೇಳಾಪಟ್ಟಿ ಕೂಡ. ಇದರಲ್ಲಿ ಪತ್ರಿಕೋದ್ಯಮ ಎಲ್ಲಿದೆ ಎಂದು ನಾನು ನಕ್ಕರೆ, “ಮಂದಿ ಹೆಸರು, ಊರ ಹೆಸರು, ಹೊತ್ತು, ಈ ಮೂರು ಸರಿ ಬರದ್ರ ಮುಕ್ಕಾಲು ಪತ್ರಕರ್ತ ಆದಿ” ಎನ್ನುತ್ತಿದ್ದರು. ಲಕೋಟೆಗಳಲ್ಲಿ ಪತ್ರಿಕೆಯ ತುಣುಕುಗಳನ್ನು ಬಗೆ ಬಗೆಯಾಗಿ ವಿಂಗಡಿಸಿ ಇಟ್ಟಿದ್ದರು. ಸಂದರ್ಶನಗಳು ಒಂದರಲ್ಲಿ, ತಲೆಬರಹಗಳು ಇನ್ನೊಂದರಲ್ಲಿ. ಮಾಗಡಿ ಕೆರೆಯ ಹಕ್ಕಿಗಳ ಬಗ್ಗೆ ಬಂದದ್ದಕ್ಕೇ ಒಂದು ಬೇರೆ ಲಕೋಟೆ. ಲಕ್ಷ್ಮೇಶ್ವರ, ಶಿರಹಟ್ಟಿಯಿಂದ ಕಾಲೇಜು ಹುಡುಗರು ಬಸ್ಸು ಹಿಡಿದು ಬಂದು ಆ ಕಪಾಟಿನ ಮುಂದೆ ಕೂರುತ್ತಿದ್ದರು.

ಅವರೆಲ್ಲ ಮೊದಲು ಕೇಳುತ್ತಿದ್ದದ್ದು ತಪ್ಪುಗಳ ಕಡತ. ಪತ್ರಿಕೆಗಳು ತಪ್ಪು ಬರೆದು ಮರುದಿನ ‘ವಿಷಾದಿಸುತ್ತೇವೆ’ ಎಂದು ಹಾಕುತ್ತವಲ್ಲ, ಅಕ್ಕಾರು ಆ ಸುದ್ದಿಯನ್ನೂ ವಿಷಾದವನ್ನೂ ಅಕ್ಕಪಕ್ಕ ಅಂಟಿಸಿ, ತಪ್ಪು ಹೇಗಾಯಿತು ಎಂದು ವಿಚಾರಿಸಿ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದರು. ಸುದ್ದಿಗಾರರಿಗೆ ತಾವೇ ಕಾರ್ಡು ಹಾಕಿ ಕೇಳುತ್ತಿದ್ದರು. ಹನ್ನೆರಡು ವರ್ಷ ಕೂಡಿಸಿದ್ದರು ಅದನ್ನು. ಅಂಥದ್ದು ಬೇರೆಲ್ಲೂ ಇರಲಿಲ್ಲ ಎಂದು ಈಗಲೂ ನಂಬುತ್ತೇನೆ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಆಗ ಸುದ್ದಿಯನ್ನು ಲಕೋಟೆಯಲ್ಲಿ ಹಾಕಿ ಹುಬ್ಬಳ್ಳಿ ಬಸ್ಸಿನ ಕಂಡಕ್ಟರನ ಕೈಗೆ ಕೊಡಬೇಕಿತ್ತು. ಬಸ್ಸು ಮಧ್ಯಾಹ್ನ ಎರಡಕ್ಕೆ, ಸಮಾರಂಭಗಳು ಸಂಜೆ. ಅದಕ್ಕೆ ನಾವು ಹಳ್ಳಿಯ ಸುದ್ದಿಗಾರರು ಆಮಂತ್ರಣ ಪತ್ರಿಕೆಯನ್ನೇ ಮುಂದಿಟ್ಟುಕೊಂಡು ಬರೆದುಬಿಡುತ್ತಿದ್ದೆವು. ಅದರಲ್ಲಿ ‘ಸ್ವಾಗತ’ ಎಂದಿದ್ದರೆ ‘ಸ್ವಾಗತಿಸಿದರು’, ‘ಉದ್ಘಾಟನೆ’ ಎಂದಿದ್ದರೆ ‘ಉದ್ಘಾಟಿಸಿದರು’. ಸುದ್ದಿ ತಯಾರು! ಹಮ್ಮಿಗಿಯಲ್ಲಿ ನಿವೃತ್ತ ಮಾಸ್ತರೊಬ್ಬರಿಗೆ ಸನ್ಮಾನವಿತ್ತು. ‘ಸನ್ಮಾನ ಸ್ವೀಕರಿಸಿ ಮಾತನಾಡಿದ ಅವರು, ಯುವಕರು ದುಶ್ಚಟಗಳಿಂದ ದೂರವಿರಬೇಕೆಂದು ಕರೆ ನೀಡಿದರು’ ಎಂದು ಬರೆದು ಬಸ್ಸಿಗೆ ಹಾಕಿದೆ. ಆ ಮಾಸ್ತರು ಅವತ್ತೇ ಮುಂಜಾನೆ ತೀರಿಕೊಂಡಿದ್ದರು. ಮರುದಿನ ಪತ್ರಿಕೆಯಲ್ಲಿ ಅವರು ಕರೆ ನೀಡಿದ್ದರು...

ಅವರ ಮನೆಯವರು ಎಷ್ಟು ನೊಂದರೆಂದು ಬರೆಯಲಾರೆ. ಪತ್ರಿಕೆ ವಿಷಾದಿಸಿತು. ಅಕ್ಕಾರು ಎರಡನ್ನೂ ಕತ್ತರಿಸಿದರು.

“ನಿನ್ನ ಹೆಸರು ಬರಿಯಂಗಿಲ್ಲ ತಮ್ಮಾ. ಆದ್ರ ಇದು ಇಲ್ಲಿರಬೇಕು. ಇನ್ನೊಬ್ಬ ಹಿಂಗ ಮಾಡಬಾರದಲ್ಲ?”

ನಾನು ತಲೆಯಾಡಿಸಿದೆ. ಆದರೆ ಮುಂದಿನ ವಾರ ಲಕ್ಷ್ಮೇಶ್ವರದ ಹುಡುಗರು ಅದನ್ನು ಓದಿ ಬಿದ್ದು ಬಿದ್ದು ನಕ್ಕರು. “ಲೇ, ಸತ್ತವರು ಭಾಷಣ ಮಾಡ್ಯಾರಲೇ! ನಮ್ಮ ಪ್ರಿನ್ಸಿಪಾಲರಕಿಂತ ಚಲೋ ಮಾತಾಡ್ಯಾರ!” ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಅದು ನನ್ನದೆಂದು ಅವರಿಗೆ ಗೊತ್ತಿರಲಿಲ್ಲ, ನಿಜ. ಆದರೂ ಮೈಯೆಲ್ಲ ಉರಿಯಿತು.

ನಾನು ರದ್ದಿಯನ್ನೂ ಕೊಂಡು ಮಾರುತ್ತಿದ್ದೆ. ಮರುದಿನ ಅಕ್ಕಾರು ಊಟಕ್ಕೆ ಹೋದಾಗ ಆ ಕಡತವನ್ನು ಪೂರ್ತಿ ಎತ್ತಿ ರದ್ದಿಯ ಚೀಲಕ್ಕೆ ತುರುಕಿದೆ. ನನ್ನದೊಂದು ಹಾಳೆ ಹರಿದುಕೊಂಡಿದ್ದರೂ ಸಾಕಾಗುತ್ತಿತ್ತು, ಆದರೆ ಗುರುತು ಹತ್ತೀತೆಂದು ಎಲ್ಲವನ್ನೂ ಒಯ್ದೆ. ಸಂಜೆಯೊಳಗೆ ಅದು ಬಜಾರದ ರದ್ದಿ ಅಂಗಡಿ ಸೇರಿತು.

ನಾಲ್ಕು ದಿನದ ಮೇಲೆ ಪತ್ರಿಕೆ ಕೊಡಲು ಹೋದರೆ ಅಕ್ಕಾರು ಮೇಜಿನ ಮೇಲೊಂದು ಹಾಳೆ ಹರವಿ ಅದರ ಮೇಲೆ ಜೋಳದ ಹಿಟ್ಟು ಉದುರಿಸುತ್ತಿದ್ದರು. ಎಣ್ಣೆ ಹೀರಲಿ ಎಂದು.

“ಮಿರ್ಚಿ ತಿನ್ನಾಕ ಕಟ್ಟಿಸಿಕೊಂಡ್ರ ನನ್ನ ಅಕ್ಷರನ ಕೈಗೆ ಬಂತು ನೋಡು ತಮ್ಮಾ!” ಎಂದು ನಕ್ಕರು. ನಗುತ್ತಿದ್ದವರ ಕಣ್ಣು ಕೆಂಪಗಿತ್ತು. “ಬಾ, ಉಳಿದದ್ದು ಮಂದಿ ಹೊಟ್ಟಿಗೆ ಹೋಗೋದರಾಗ ಹುಡುಕೂಣು.”

ಆ ಹಾಳೆ ನನ್ನದೇ ಸುದ್ದಿಯದು, ಹೋದ ವಾರ ಆ ವಿದ್ಯಾರ್ಥಿನಿ ನನ್ನ ಮುಂದೆ ಹಿಡಿದದ್ದೂ ಅದನ್ನೇ.

ಬಜಾರದಲ್ಲಿ ಅವರ ಹಿಂದೆ ನಡೆದೆ. ಮಿರ್ಚಿಯವನು ಕಟ್ಟಿನಿಂದ ಹತ್ತು ಹಾಳೆ ಆರಿಸಿ ಕೊಟ್ಟ. “ನಿಮ್ಮ ಹಾಳ್ಯಾಗ ಕಟ್ಟಿದ ಮಿರ್ಚಿ ಭಾಳ ರುಚಿ ಅಂತಾರ್ರಿ ಅಕ್ಕಾರ” ಎಂದು ಚೇಷ್ಟೆ ಬೇರೆ ಮಾಡಿದ. ಇವು ಎಲ್ಲಿಂದ ಬಂದವು ಎಂದದ್ದಕ್ಕೆ ಎರಡು ಅಂಗಡಿ ಆಚೆಯ ರದ್ದಿ ಅಂಗಡಿಯ ಕಡೆ ಕೈ ತೋರಿಸಿದ. ಒಂದು ಮಾತು ಕೇಳಿದರೆ ರದ್ದಿಯವನು ನನ್ನ ಹೆಸರು ಹೇಳುತ್ತಿದ್ದ. ಅಕ್ಕಾರು ಆ ಅಂಗಡಿಯನ್ನು ನೋಡಿದರು. ನನ್ನನ್ನು ನೋಡಿದರು.

“ಬಿಸಲಾತು ತಮ್ಮಾ, ನಡಿ” ಎಂದು ಹೊರಳಿದರು.

ಅವರಿಗೆ ಗೊತ್ತಾಯಿತೇ? ಅಥವಾ ನಿಜವಾಗಿಯೂ ಬಿಸಿಲೇ? ಮೇಲಿನವರಿಗೆ ‘ನನ್ನ ಗಮನ ತಪ್ಪಿ ಕಳೆದಿದೆ’ ಎಂದು ಬರೆದುಕೊಟ್ಟು ಬೈಸಿಕೊಂಡರು. ಆಮೇಲೆ ಹನ್ನೊಂದು ಹಾಳೆಯಿಂದ ಮತ್ತೆ ಮೊದಲು ಮಾಡಿದರು! ನಾನೂ ಹುರುಪಿನಿಂದ ಜೊತೆಗೂಡಿದೆ. ಉಳಿದ ಪತ್ರಿಕೆ ತಂದುಕೊಟ್ಟೆ, ಕತ್ತರಿಸಿದೆ, ಅಂಟಿಸಿದೆ, ಹರ್ತಿಯವರೆಗೂ ಸೈಕಲ್ ತುಳಿದು ತಪ್ಪಿನ ಕಾರಣ ಕೇಳಿ ಬಂದೆ. ಆಮಂತ್ರಣ ಪತ್ರಿಕೆ ನೋಡಿ ಒಂದು ಸಾಲನ್ನೂ ಮತ್ತೆ ಬರೆಯಲಿಲ್ಲ. ಎಲ್ಲ ಮಾಡಿದೆ. ಹೇಳುವುದೊಂದನ್ನು ಬಿಟ್ಟು...

ಅವರು ನಿವೃತ್ತರಾಗಿ, ತಾವು ಕೂಡಿಸಿದ ಕಡತಗಳೊಂದಿಗೆ ಗದಗಿನ ಪಕ್ಕದ ಬೆಟಗೇರಿಗೆ ಹೋದರು. ಎರಡು ವರ್ಷದ ಹಿಂದೆ ಅವರು ತೀರಿಕೊಂಡ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದೆ. ಹೆಸರು, ಊರು, ಹೊತ್ತು ಮೂರೂ ಸರಿ ಇದ್ದವು.

ಹೋದ ವಾರ ಆ ಹುಡುಗಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವಳ ಗೆಳತಿಯರೂ ಸುತ್ತ ನೆರೆದರು. ಎಂಥ ಪ್ರಶ್ನೆಗಳವು! ಬಸ್ಸು ಎಷ್ಟು ಗಂಟೆಗೆ, ಚೀಲ ಯಾರದು, ಬಜಾರದಲ್ಲಿ ಅಕ್ಕಾರು ಮೊದಲು ರದ್ದಿ ಅಂಗಡಿಯನ್ನು ನೋಡಿದರೋ ನಿಮ್ಮನ್ನೋ... ಒಂದನ್ನೂ ಬಿಡಲಿಲ್ಲ. ಮುದುಕ ಅಳುತ್ತಾನೆಂದು ಪೆನ್ನು ಕೆಳಗಿಡಲಿಲ್ಲ. ಅಕ್ಕಾರು ಇದ್ದಿದ್ದರೆ ಹಿಗ್ಗುತ್ತಿದ್ದರು.

“ನಿಮ್ಮ ಹೆಸರು ಹಾಕಲೇನ್ರಿ?”

“ಹಾಕು.”

“ಮತ್ತ ಅವರಿಗೆ ಯಾಕ ಹೇಳಲಿಲ್ರಿ ಅಜ್ಜಾರ?”

“ದಿನಾ ಮುಂಜಾನಿ ಹೇಳಬೇಕಂತನ ಹೋಗತಿದ್ದೆ ಯವ್ವಾ. ನಕ್ಕೋತ ಪೇಪರ್ ಇಸಗೋತಿದ್ರು. ಆ ನಗಿ ಹೋದೀತು ಅಂತ ಅಂಜಿದೆ.”

ಅವಳು ಅದನ್ನೂ ಬರೆದಳು. ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಿ ಹೇಳಿ, “ಸರಿ ಐತೇನ್ರಿ?” ಎಂದು ಕೇಳಿದಳು.

ಸರಿ ಐತಿ ಎಂದೆ. ಒಂದಕ್ಷರವೂ ತಪ್ಪಿರಲಿಲ್ಲ. ಅದನ್ನು ಕೇಳಿಸಿಕೊಳ್ಳಬೇಕಾದವರು ಮಾತ್ರ ಆ ಕೋಣೆಯಲ್ಲಿ ಇರಲಿಲ್ಲ.