ಶರಣಮ್ಮನ ಹೊಲಕ್ಕೆ ಹಾದಿ

ಕಲಬುರಗಿಯ ನನ್ನ ಮೊದಲ ಬೆಳಗಿನಲ್ಲಿ ಪಕ್ಕದ ಮನೆಯವರ ಮೇಲೆ ಪೊಲೀಸರಿಗೆ ದೂರು ಕೊಡುವುದೊಂದು ಬಾಕಿ ಇತ್ತು. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಗೋಡೆಯಾಚೆಯಿಂದ ಪಟಪಟ, ಪಟಪಟ ಎಂದು ಯಾರೋ ಯಾರನ್ನೋ ಹೊಡೆಯುವ ಸದ್ದು. ಒಂದು ಮನೆಯಲ್ಲಿ ನಿಂತರೆ ಇನ್ನೊಂದು ಮನೆಯಲ್ಲಿ ಶುರು. ಕ್ಲಿನಿಕ್ಕು, ಟ್ಯೂಷನ್ ಬೋರ್ಡುಗಳಿರುವ ಜೇವರ್ಗಿ ಕಾಲೋನಿಯಲ್ಲಿ ಇದೇನು ಬೀದಿಗೆ ಬೀದಿಯೇ ಹೊಡೆದಾಡುತ್ತಿದೆ ಎಂದು ಗಾಬರಿಯಾಗಿ, ಕೆಳಗಿಳಿದು ಮನೆ ಒಡತಿ ಸುಧಾಬಾಯಿಯವರ ಬಾಗಿಲು ತಟ್ಟಿದೆ. ಅವರು ಹಿಟ್ಟು ಮೆತ್ತಿದ ಕೈಯಲ್ಲೇ ಬಾಗಿಲು ತೆಗೆದರು.

"ರೊಟ್ಟಿ ಬಡಿಯೋದು ಎಂದೂ ಕೇಳಿಲ್ಲೇನ್ರಿ ನೀವು? ಬರ್ರಿ ಒಳಗ, ಬಿಸೀದು ತಿನ್ರಿ" ಎಂದು ನಕ್ಕರು.

ಮೈಸೂರಿನ ನಮ್ಮ ಮನೆಯಲ್ಲಿ ಬೆಳಗಾಗುವುದು ಕುಕ್ಕರಿನ ಸೀಟಿಯಿಂದ. ಇಲ್ಲಿ ಬೆಳಗಾಗುವುದು ಹೆಂಗಸರ ಅಂಗೈಯಿಂದ ಎಂಬುದು ಆ ದಿನ ತಿಳಿಯಿತು. ಜೋಳದ ರೊಟ್ಟಿಯ ಮೇಲೆ ಶೇಂಗಾ ಚಟ್ನಿ, ಅದರ ಮೇಲೆ ಮೊಸರು. ಅನ್ನವಿಲ್ಲದೆ ಹೊಟ್ಟೆ ತುಂಬದು ಎಂದು ನಂಬಿದ್ದ ನಾನು ಎರಡು ರೊಟ್ಟಿಗೇ ಸೋತು ಕುಳಿತೆ.

ನಾನಿಲ್ಲಿಗೆ ಬಂದ ಕಾರಣವನ್ನು ಊರಿನವರಿಗೆ ಇವತ್ತಿಗೂ ಸರಿಯಾಗಿ ಹೇಳಲಾಗಿಲ್ಲ. ಎಲ್ಲರೂ ಕೆಲಸಕ್ಕೆಂದು ದಕ್ಷಿಣಕ್ಕೆ ಬರುವಾಗ ನೀನು ಉತ್ತರಕ್ಕೆ ಯಾಕೆ ಹೋದೆ ಎಂದು ಅಮ್ಮ ಫೋನಿನಲ್ಲಿ ಕೇಳುತ್ತಲೇ ಇರುತ್ತಾಳೆ. ನನ್ನದು ಜಾವಾಸ್ಕ್ರಿಪ್ಟ್‌ನ ಒಂದು ಫ್ರೇಮ್‌ವರ್ಕ್ ಹಿಡಿದು ಸರ್ವರ್ ಕಡೆಯ ಪ್ರೋಗ್ರಾಂ ಬರೆಯುವ ಕೆಲಸ. ಫೋನಿನಲ್ಲಿ ಕಾಣುವ ಬಣ್ಣದ ಪರದೆ ನನ್ನದಲ್ಲ. ಅದನ್ನು ಒತ್ತಿದಾಗ ಎಲ್ಲೋ ದೂರದಲ್ಲಿ ಕುಳಿತು ಉತ್ತರ ಕೊಡುತ್ತದಲ್ಲ, ಆ ಭಾಗ ನನ್ನದು. ಮೈಸೂರಿನಲ್ಲಿ ಏಳು ವರ್ಷ ಅದನ್ನೇ ಬರೆದೆ. ಯಾರಿಗಾಗಿ ಬರೆದೆ, ಅವರಿಗೆ ಅದರಿಂದ ಅನುಕೂಲವಾಯಿತೋ ಇಲ್ಲವೋ, ಒಮ್ಮೆಯೂ ಗೊತ್ತಾಗಲಿಲ್ಲ. ನಾನು ಬರೆದದ್ದನ್ನು ಒಬ್ಬರಾದರೂ ಬಳಸುವುದನ್ನು ಕಣ್ಣಾರೆ ನೋಡಬೇಕೆಂಬ ಹಟ ಹುಟ್ಟಿತು. ಆಗ ಸಿಕ್ಕಿದ್ದು ಕಲಬುರಗಿಯ ಪಾಂಡುರಂಗ ಸರ್ ಅವರ ಐದು ಜನರ ಆಫೀಸು.

ಅಲ್ಲಿ ನನಗೆ ಸಿಕ್ಕ ಕೆಲಸ ಒಂದೇ. ಕಮಲಾಪುರದ ಕಡೆಯ ರೈತರ ಸಂಘವೊಂದು ತೊಗರಿ ಕೊಯ್ದು ಅಲ್ಲೇ ರಾಶಿ ಮಾಡುವ, ಅಂದರೆ ಕಾಳು ಬೇರ್ಪಡಿಸುವ, ದೊಡ್ಡ ಮಷೀನೊಂದನ್ನು ಇಟ್ಟುಕೊಂಡಿತ್ತು. ಅದು ಯಾವ ದಿನ ಯಾರ ಹೊಲಕ್ಕೆ ಹೋಗಬೇಕೆಂದು ಫೋನಿನಲ್ಲೇ ಪಾಳಿ ಹಚ್ಚಬೇಕು. ಪಾಳಿ ಎಂದರೆ ಸರದಿ. "ಒಂದ್ ಹಂಗಾಮು ನೋಡ್ತಾರಂತ್ರಿ. ಬರೋಬ್ಬರಿ ನಡೀತು ಅಂದ್ರ ಮುಂದಿಂದೂ ನಮಗ. ಇಲ್ಲಾಂದ್ರ ನಿಮ್ಮನ್ನ ಇಟ್ಕೊಳ್ಳಾಕ ನನ್ನ ಹತ್ರ ಬ್ಯಾರೆ ಕೆಲಸಿಲ್ಲ" ಎಂದು ಪಾಂಡುರಂಗ ಸರ್ ಮೊದಲ ದಿನವೇ ನೇರವಾಗಿ ಹೇಳಿಬಿಟ್ಟರು. ಮರಾಠಿ, ಕನ್ನಡ ಎರಡರಲ್ಲೂ ಅವರಿಗೆ ಸುತ್ತಿಬಳಸಿ ಮಾತಾಡಲು ಬಾರದು. ಹಾಗಾಗಿ ಮೈಸೂರಿನ ಮನೆಯ ನನ್ನ ಕೋಣೆಯನ್ನು ಖಾಲಿ ಮಾಡದೆ, ಸೂಟ್‌ಕೇಸನ್ನು ಪೂರ್ತಿ ಬಿಚ್ಚದೆ ಕೆಲಸ ಶುರುಮಾಡಿದೆ.

ಇಡೀ ವ್ಯವಸ್ಥೆಯನ್ನು ಒಂದೇ ದೊಡ್ಡ ಪ್ರೋಗ್ರಾಂ ಮಾಡದೆ ಸಣ್ಣ ಸಣ್ಣ ಸರ್ವಿಸ್‌ಗಳಾಗಿ ಒಡೆದೆ. ಸದಸ್ಯರ ಹೆಸರು, ಹೊಲದ ವಿವರ ನೋಡಿಕೊಳ್ಳಲು ಒಂದು, ಪಾಳಿಗೆ ಒಂದು, ಸಂದೇಶ ಕಳಿಸಲು ಇನ್ನೊಂದು. ಒಂದು ಕೈಕೊಟ್ಟರೂ ಉಳಿದವು ನಡೆಯುತ್ತವೆ, ಒಂದನ್ನು ತಿದ್ದಲು ಎಲ್ಲವನ್ನೂ ಕೆದಕಬೇಕಿಲ್ಲ. ಈ ಕಟ್ಟುವ ಕ್ರಮ ನನಗೆ ಬಲು ಇಷ್ಟ. ಪರೀಕ್ಷೆಗೆಂದು ನನ್ನ ಹೆಸರನ್ನೇ ಸದಸ್ಯರ ಪಟ್ಟಿಗೆ ಹಾಕಿಕೊಂಡೆ: ವೀಣಾ, ಊರು ಮೈಸೂರು, ಹೊಲ ಸೊನ್ನೆ ಎಕರೆ. ಆಮೇಲೆ ಅಳಿಸೋಣ ಎಂದುಕೊಂಡು ಮರೆತೆ.

ಊರು ಮಾತ್ರ ಅಷ್ಟು ಬೇಗ ಒಗ್ಗಲಿಲ್ಲ. ಮೈಸೂರಿನಲ್ಲಿ ಸಂಜೆ ನಡೆದಾಡಲು ಮರದ ನೆರಳಿನ ರಸ್ತೆಗಳಿದ್ದವು. ಇಲ್ಲಿನ ಬಿಸಿಲು ಮಳೆಗಾಲ ಮುಗಿದ ಮೇಲೂ ಹೆಗಲೇರಿ ಕೂರುತ್ತಿತ್ತು. ಭಾನುವಾರಗಳಂದು ಮಾತಾಡಲು ಯಾರೂ ಇಲ್ಲದೆ ಅಮ್ಮನಿಗೆ ಮೂರು ಮೂರು ಸಲ ಫೋನು ಮಾಡುತ್ತಿದ್ದೆ. ಗೆಲುವುಗಳೂ ಇದ್ದವು, ಅಂಗೈಯಗಲದವು. ಬಜಾರಿನಲ್ಲಿ "ಬದನೆಕಾಯಿ ಆಧಾ ಕಿಲೋ ಕೊಡ್ರಿ" ಎಂದು ತಡವರಿಸದೆ ಹೇಳಿದ ದಿನ, ಅಂಗಡಿಯವರು ಹೊರಗಿನವಳೆಂದು ನನ್ನ ಮುಖ ನೋಡದೆ ತೂಗಿ ಕೊಟ್ಟರು. ಅಷ್ಟಕ್ಕೇ ನಾನು ಉಬ್ಬಿಹೋದೆ.

ಸಂಘದ ಸದಸ್ಯರಿರುವ ಮಹಾಗಾಂವದ ಹೊಲಗಳಲ್ಲಿ ತೊಗರಿ ಒಣಗಿ ಕಟಾವಿಗೆ ಬಂತು. ಹುಟ್ಟಿದಾಗಿನಿಂದ ಸಾಂಬಾರು ಉಂಡವಳು ನಾನು. ತೊಗರಿ ಗಿಡ ನನಗಿಂತ ಎತ್ತರ ಬೆಳೆಯುತ್ತದೆಂದು ಗೊತ್ತಿರಲಿಲ್ಲ. ಪಾಳಿ ತೆರೆದ ದಿನ ಮೊದಲು ಒತ್ತಿದವರು ಶರಣಮ್ಮ ಎಂಬ ಐವತ್ತು ದಾಟಿದ ರೈತ ಮಹಿಳೆ. ಮೊದಲ ಪಾಳಿ ಅವರದಾಯಿತು. ಅದನ್ನು ನೋಡಲೆಂದೇ ಬಸ್ಸು ಹತ್ತಿ ಮಹಾಗಾಂವಕ್ಕೆ ಹೋದೆ.

ರಸ್ತೆಯ ಬದಿಯಲ್ಲಿ ಮಷೀನು ಸುಮ್ಮನೆ ನಿಂತಿತ್ತು. ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟ ಶರಣಮ್ಮ. ಅವರ ಹೊಲ ಒಳಗೆ, ಹಳ್ಳದ ದಂಡೆಯಲ್ಲಿತ್ತು. ರಸ್ತೆಗೂ ಅದಕ್ಕೂ ನಡುವೆ ಮಲ್ಲಣ್ಣ ಎಂಬುವವರ ಹೊಲ, ಅದರ ತುಂಬ ಕೊಯ್ಯದ ತೊಗರಿ.

"ನಿಮ್ಮ ಮಷೀನಿಗಿ ರೆಕ್ಕಿ ಅದಾವೇನ್ರಿ ಮೇಡಂ? ಮಲ್ಲಣ್ಣನ ತೊಗರಿ ತುಳದು ನಾ ರಾಶಿ ಮಾಡ್ಲೇನು?" ಎಂದರು ಶರಣಮ್ಮ.

ಅಷ್ಟರಲ್ಲಿ ಡ್ರೈವರ್ ತನ್ನ ಫೋನಿನಲ್ಲಿ 'ಕೆಲಸ ಆಗಲಿಲ್ಲ' ಎಂದು ಒತ್ತಿಬಿಟ್ಟಿದ್ದ. ನನ್ನ ಪಾಳಿ ಸರ್ವಿಸ್ ಒಂದು ಕ್ಷಣವೂ ತಡಮಾಡದೆ ಶರಣಮ್ಮನನ್ನು ಪಟ್ಟಿಯ ಕೊನೆಗೆ ತಳ್ಳಿತು. ಸಂದೇಶದ ಸರ್ವಿಸ್ ಅಷ್ಟೇ ನಿಷ್ಠೆಯಿಂದ ಅವರಿಗೆ ತಿಳಿಸಿತು: ನಿಮ್ಮ ಪಾಳಿ ಹದಿನಾಲ್ಕು ದಿನಗಳ ನಂತರ. ನಾನು ಕಟ್ಟಿದ ಪ್ರತಿಯೊಂದು ತುಂಡೂ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಹದಿನಾಲ್ಕು ದಿನ ಕಾದರೆ ಒಣಗಿದ ಕಾಯಿ ಒಡೆದು ಕಾಳೆಲ್ಲ ನೆಲದ ಪಾಲು.

ಸುದ್ದಿ ಕೇಳಿ ಬಂದ ಮಲ್ಲಣ್ಣನನ್ನು, "ನೀವೇಕೆ ಪಾಳಿ ಹಚ್ಚಲಿಲ್ಲ?" ಎಂದು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು.

"ಶರಣಮ್ಮಕ್ಕ ಬರೆಸ್ಯಾಳಂದ್ರ ನಂದೂ ಬರೆಸಿದಂಗ ಅಲ್ಲೇನ್ರಿ? ಆಕಿ ಹೊಲಕ್ಕ ಹೋಗೂ ಹಾದ್ಯಾಗ ನಾ ಇದ್ದೀನಲ್ಲ!"

ಇಲ್ಲಿನ ಪದ್ಧತಿಯೇ ಅದು. ಒಳಗಿನ ಹೊಲದವರು ಮಷೀನು ಕರೆದರೆಂದರೆ ಹಾದಿಯಲ್ಲಿರುವ ಎಲ್ಲರ ಪರವಾಗಿಯೂ ಕರೆದಂತೆ. ರಸ್ತೆಯ ಕಡೆಯವರದು ಮೊದಲು, ಆಮೇಲೆ ನಡುವಿನವರದು, ಕಡೆಗೆ ಹಳ್ಳದ ದಂಡೆಯವರದು. ಕೊನೆಯವರು ಸುಮ್ಮನೆ ಕಾಯುವುದಿಲ್ಲ. ಮುಂದಿನವರ ಹೊಲಕ್ಕೆ ಬಂದು ಚೀಲ ಹಿಡಿಯುತ್ತಾರೆ. ಒಬ್ಬರು ಕೇಳಿದರೆ ಒಬ್ಬರಿಗೇ ಎಂದು ತಿಳಿಯುವುದು ನನ್ನ ಊರಿನ ಟಿಕೆಟ್ ಕೌಂಟರಿನ ಬುದ್ಧಿ. ಅದನ್ನೇ ನಾನು ಪ್ರೋಗ್ರಾಂನಲ್ಲೂ ಬರೆದಿದ್ದೆ.

"ನನ್ನ ತಪ್ಪು" ಎಂದೆ. ಶರಣಮ್ಮ ಬೈಯಲಿಲ್ಲ. "ತಪ್ಪ ಆಮ್ಯಾಲ ನೋಡೋಣಂತ. ಮೊದಲ ಮಷೀನ್ ಚಾಲೂ ಮಾಡಿಸ್ರಿ" ಎಂದು ತಾವೇ ಫೋನು ತೆಗೆದು, ಮರುದಿನದ ಪಾಳಿಯವರನ್ನು ಕೇಳಿದರು: "ಒಂದಿನ ಹಿಂದ ಸರೀತೀರೇನ್ರಿ? ಮಲ್ಲಣ್ಣಂದು ಹಾದ್ಯಾಗ ಅದ." ಆ ಕಡೆಯಿಂದ ಒಪ್ಪಿಗೆ ಬರಲು ಒಂದು ನಿಮಿಷ ಹಿಡಿಯಲಿಲ್ಲ. ಮೈಸೂರಿನ ನನ್ನ ಹಳೆಯ ಆಫೀಸಿನಲ್ಲಿ ಒಂದು ದಿನ ಹಿಂದೆ ಸರಿಸಲು ಮೂರು ಮೀಟಿಂಗ್ ಬೇಕಾಗುತ್ತಿತ್ತು. ನಾನು ಬದುವಿನ ಮೇಲೆ ಲ್ಯಾಪ್‌ಟಾಪ್ ತೆರೆದು ಪಟ್ಟಿ ತಿದ್ದಿದೆ. ಅಂದು ಮಲ್ಲಣ್ಣನ ರಾಶಿ ಆಯಿತು, ಮರುದಿನ ಶರಣಮ್ಮನದು. ಎರಡು ದಿನವೂ ನಾನು ಚೀಲ ಹಿಡಿದೆ, ಮೈಯೆಲ್ಲ ಹೊಟ್ಟಿನ ತುರಿಕೆ.

ಕೆಲಸ ಮುಗಿದ ಮೇಲೆ ಶರಣಮ್ಮ ತೊಗರಿ ಕಟ್ಟಿಗೆಯಿಂದ ಕಪ್ಪು ಮಣ್ಣಿನಲ್ಲಿ ಗೆರೆ ಎಳೆಯುತ್ತ ಊರಿನ ಹಾದಿಗಳನ್ನೆಲ್ಲ ಹೇಳಿದರು. ಯಾರ ಹೊಲಕ್ಕೆ ಯಾರ ಹೊಲ ದಾಟಬೇಕು, ಯಾರ ಜಗಳದಿಂದ ಯಾವ ಹಾದಿ ಬಂದ್ ಆಗಿದೆ, ಯಾವುದು ಹಳ್ಳದಲ್ಲಿ ನೀರಿದ್ದಾಗ ನಡೆಯದು. ಒಂದೂ ಕಾಗದವಿಲ್ಲ, ಎಲ್ಲಿಯೂ ತಡವರಿಕೆಯಿಲ್ಲ. ನನ್ನ ಮೂರು ಸರ್ವಿಸ್‌ಗಳು ಸೇರಿ ಮಾಡಲಾಗದ್ದನ್ನು ಈಕೆ ತಲೆಯಲ್ಲೇ ಇಟ್ಟುಕೊಂಡಿದ್ದಾರಲ್ಲ ಎಂದು ನಾನು ಬೆರಗಾಗಿ ಬರೆದುಕೊಂಡೆ.

ಆಫೀಸಿನಲ್ಲಿ ಪಾಂಡುರಂಗ ಸರ್ ಎಲ್ಲ ಕೇಳಿ ಒಂದೇ ಮಾತು ಹೇಳಿದರು: "ಹಳೇದು ಮುಟ್ಟಬ್ಯಾಡ್ರಿ, ಬಾಜೂಕ ಹೊಸಾದು ಕಟ್ರಿ." ಸಣ್ಣ ಸರ್ವಿಸ್‌ಗಳಾಗಿ ಒಡೆದು ಕಟ್ಟುವುದರ ಚೆಲುವೇ ಅದು. ಮನೆ ಒಡೆಯದೆ ಪಕ್ಕದಲ್ಲೊಂದು ಕೋಣೆ ಎಬ್ಬಿಸಬಹುದು. ಮೂರು ದಿನದಲ್ಲಿ ನಾಲ್ಕನೆಯ ಸರ್ವಿಸ್ ಎದ್ದು ನಿಂತಿತು. ಪಾಳಿ ಕೊಡುವ ಮೊದಲು ಅದು ಕೇಳುತ್ತದೆ: ಈ ಹೊಲಕ್ಕೆ ಹೋಗಲು ಯಾರ ಹೊಲ ದಾಟಬೇಕು? ಅವರ ರಾಶಿ ಆಗಿರದಿದ್ದರೆ ಅವರನ್ನೂ ಕೇಳಿ, ಒಪ್ಪಿದರೆ ಮುಂದೆ ಕೂರಿಸುತ್ತದೆ. ಅದಕ್ಕೆ 'ಹಾದಿ' ಎಂದು ಹೆಸರಿಟ್ಟೆ. ಮೈಸೂರಿನಲ್ಲಿದ್ದರೆ 'ದಾರಿ' ಎನ್ನುತ್ತಿದ್ದೆನೇನೋ.

ಹಂಗಾಮು ಮುಗಿದು ಕಮಲಾಪುರದಲ್ಲಿ ಸಂಘದ ಸಭೆ. ಎಲ್ಲರ ಕೈಯಲ್ಲೂ ಅಲ್ಲಿಯ ಹೆಸರುವಾಸಿ ಕೆಂಪು ಬಾಳೆಹಣ್ಣು. ನನಗೆ ಮಾತ್ರ ಸುಲಿಯಲೂ ಕೈ ಬರಲಿಲ್ಲ. ಮುಂದುವರಿಸಬೇಕೋ ಬೇಡವೋ ಎಂಬ ಮಾತು ಬಂದಾಗ, ಮೊದಲ ದಿನದ ಅವಾಂತರವನ್ನು ಯಾರೋ ಎತ್ತಿದರು. ಶರಣಮ್ಮ ಎದ್ದು ನಿಂತರು.

"ಈ ಹುಡುಗಿ ತಪ್ಪ ಮಾಡ್ಯಾಳ, ಖರೆ. ಆದ್ರ ಹೊಲಕ್ಕ ಬಂದು ಕೇಳ್ಯಾಳ. ಯಾರ್ ಬರ್ತಾರ್ರಿ ಹಂಗ?"

ಸಂಘ ಒಪ್ಪಿತು. ಹೊರಗೆ ಬಂದು ಗೋಡೆಗೆ ಮುಖ ಮಾಡಿ ಅತ್ತೆ. ಖುಷಿಗೋ, ಇನ್ನು ಮೈಸೂರಿನ ಕೋಣೆ ಖಾಲಿ ಮಾಡಬೇಕಲ್ಲ ಎಂಬ ಸಂಕಟಕ್ಕೋ, ನನಗೇ ತಿಳಿಯಲಿಲ್ಲ. ಶರಣಮ್ಮ ಹಿಂದೆಯೇ ಬಂದರು. ಕಣ್ಣೊರೆಸಿಕೊಳ್ಳಲು ಬಿಟ್ಟು, ತಮ್ಮ ಫೋನಿನಲ್ಲಿ ಸದಸ್ಯರ ಪಟ್ಟಿ ತೋರಿಸಿದರು. ಕಟ್ಟಕಡೆಗೆ ನಾನು ಅಳಿಸಲು ಮರೆತ ಹೆಸರಿತ್ತು: ವೀಣಾ, ಊರು ಮೈಸೂರು, ಹೊಲ ಸೊನ್ನೆ ಎಕರೆ. ಕೆಳಗೆ ನನ್ನದೇ ಪ್ರಶ್ನೆ, 'ಯಾರ ಹೊಲ ದಾಟಬೇಕು?' ಅದರ ಮುಂದಿನ ಜಾಗ ಖಾಲಿ.

"ಇದು ಸುಮ್ಮನೆ ಪರೀಕ್ಷೆಗೆ ಹಾಕಿದ್ದು ಅಕ್ಕ, ಇವತ್ತೇ ತೆಗೆದುಬಿಡ್ತೀನಿ" ಎಂದೆ.

"ಯಾಕ ತೆಗೀತಿ?" ಎಂದರು ಶರಣಮ್ಮ. ಮೊದಲ ಸಲ 'ರೀ' ಬಿಟ್ಟು ಮಾತಾಡಿಸಿದ್ದರು. "ಊರು ಮೈಸೂರು ಅಂತಾನೇ ಇರ್ಲಿ, ಅದೇನು ಸುಳ್ಳಲ್ಲ. ನಿನ್ನ ಹಾದ್ಯಾಗ ನಾ ಇದ್ದೀನಲ್ಲ, ಆ ಖಾಲಿ ಜಾಗದಾಗ ನನ್ನ ಹೆಸರ ಬರಿ."