ಹಸಿರು ಸೊಳ್ಳೆಗೆ ಸಾಕ್ಷಿ ಸಹಿ

ಸೊಳ್ಳೆಗೆ ಬಣ್ಣ ಹಚ್ಚುವವರನ್ನು ನೀವು ನೋಡಿದ್ದೀರಾ? ನಾನು ನೋಡಿದೆ. ಕಳೆದ ವಾರ, ಕೆರಗೋಡಿನ ನಮ್ಮ ಸೋದರತ್ತೆಯ ಕೊಟ್ಟಿಗೆಯಲ್ಲಿ.

ಒಂದು ಜೀಪು, ಮೂವರು ಸಂಶೋಧಕರು, ಪಂಜರದ ತುಂಬ ಸೊಳ್ಳೆ. ಅವುಗಳ ಮೇಲೆ ಹಸಿರು ಪುಡಿ ಉದುರಿಸಿ, ಈ ಕೊಟ್ಟಿಗೆಯಿಂದ ಹಾರಿಬಿಡುತ್ತಾರಂತೆ. ಆಮೇಲೆ ಸುತ್ತಲಿನ ಊರುಗಳಲ್ಲಿ ಹುಡುಕಿ, ಯಾವುದು ಎಷ್ಟು ದೂರ ಹಾರಿತು ಎಂದು ಬರೆದುಕೊಳ್ಳುತ್ತಾರಂತೆ. ಎಲ್ಲ ಮಲೇರಿಯಾ ಓಡಿಸುವುದಕ್ಕೆ. ಅಷ್ಟು ದಿನ ಅತ್ತೆ ಸಂಜೆ ಕೊಟ್ಟಿಗೆಗೆ ಹೊಗೆ ಹಾಕಬಾರದು, ಅಷ್ಟೆ.

ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ಅತ್ತೆ ನನ್ನ ಮುಖ ನೋಡಿದರು. ನಾನು (ಪತ್ರಿಕೆಗೆ ಬರೆಯುವವನು, ಸಾಲದೆ?) ಸಾಕ್ಷಿಯ ಜಾಗದಲ್ಲಿ ಠೀವಿಯಿಂದ ಸಹಿ ಹಾಕಿದೆ. ನನ್ನನ್ನು ನಂಬಿ ಅವರು ಹೆಬ್ಬೆಟ್ಟು ಒತ್ತಿದರು. ಆಮೇಲೆ, ಪುಡಿ ಅಳೆಯುತ್ತಿದ್ದ ಕನ್ನಡಕದ ಯುವಕನನ್ನು ಕೇಳಿದರು.

“ಅಲ್ಲಾ ಕಣಪ್ಪ, ಸೊಳ್ಳೆ ಎಷ್ಟು ದೂರ ಓಯ್ತದೆ ಅಂತ ತಿಳ್ಕಂಡು ಏನ್ ಮಾಡೀರಿ?”

“ಅಷ್ಟು ದೂರಕ್ಕೂ ಔಷಧಿ ಹೊಡೀಬಹುದಮ್ಮ.”

“ಯಾರಾದ್ರೂ ಕಾಯ್ಲೆ ಅಂಟಿಸಿ ಬುಟ್ರೆ, ಅದೂ ಅಷ್ಟೇ ದೂರ ಓಯ್ತದಲ್ಲಪ್ಪ?”

ಯುವಕ ಪುಡಿಯ ಡಬ್ಬಿಗೆ ಮುಚ್ಚಳ ಹಾಕಿದ. ನಾನು ಜಗುಲಿಯತ್ತ ನೋಡಿದೆ. ಅತ್ತೆಯ ಮೊಮ್ಮಗಳು ಮಲಗುವುದು ಕೊಟ್ಟಿಗೆಗೆ ಅಂಟಿದ ಜಗುಲಿಯ ಮೇಲೆ.

“ಈ ವರದಿ ಎಲ್ಲಿಗೆ ಹೋಗುತ್ತೆ?” ಎಂದೆ.

“ಡೆಲ್ಲಿಗೆ ಸಾರ್. ಫಾರಿನ್‌ಗೂ ಒಂದು ಕಾಪಿ.”

“ಫಾರಿನ್‌ನಲ್ಲಿ ಯಾರಿಗೆ?”

“ಅದು ನನಗೆ ಗೊತ್ತಿಲ್ಲ ಸಾರ್.”

“ಇದನ್ನೆಲ್ಲ ಪರಿಶೀಲಿಸುವವರು ಇಲ್ಲವೇನಪ್ಪ?”

“ಇದ್ದಾರಲ್ಲ ಸಾರ್. ನೀವು ಸಹಿ ಹಾಕಿದ ಪತ್ರದಲ್ಲೇ ಇದೆ.”

ಆಗ ಓದಿದೆ. ಸಂಶೋಧನೆ ನಡೆಸುವವರು ಎಂಬಲ್ಲಿ ಅವರ ದೊಡ್ಡ ಸಾಹೇಬರ ಸಹಿ. ಅಪಾಯವಿಲ್ಲವೆಂದು ಪರಿಶೀಲಿಸಿದವರು ಎಂಬಲ್ಲಿಯೂ ಅದೇ ಸಹಿ. (ಶಾಯಿಯೂ ಅದೇ.) ಆ ಯುವಕ ಒಳ್ಳೆಯವನೇ ಇರಬೇಕು. ಸಾಹೇಬರೂ ಒಳ್ಳೆಯವರೇ ಇರಬಹುದು. ಆದರೆ ಫಾರಿನ್‌ನಲ್ಲಿ ಆ ಕಾಪಿ ಬಿಚ್ಚಿ ಓದುವವನು? ಅವನನ್ನು ಕಂಡವರು ಯಾರು?

ಅತ್ತೆ ನನ್ನ ಸಲಹೆಗೆ ಕಾಯಲಿಲ್ಲ. ಬೇವಿನ ಸೊಪ್ಪು ತಂದು ಕೆಂಡದ ಮೇಲೆ ಹಾಕಿದರು.

“ಬ್ಯಾಸರ ಮಾಡ್ಕಬ್ಯಾಡ ಕಣಪ್ಪ. ಕೂಸು ಮಲಿಕತ್ತದೆ ಇಲ್ಲಿ. ಬ್ಯಾರೆ ಕಡೆ ನೋಡ್ಕೋ.”

ಕೊಟ್ಟಿಗೆಯೆಲ್ಲ ಹೊಗೆ. ಸಂಶೋಧಕರು ಕೆಮ್ಮುತ್ತ ಪಂಜರ ಎತ್ತಿಕೊಂಡು ಬೇರೆ ಊರಿಗೆ ಹೊರಟರು. ಪತ್ರ ವಾಪಸು ಕೇಳಬೇಕೆಂದು ನನಗೆ ಹೊಳೆದದ್ದು ಜೀಪು ತಿರುವು ದಾಟಿದ ಮೇಲೆ. ಅದರಲ್ಲಿ ಸಾಹೇಬರದು ಬಿಟ್ಟರೆ ಇದ್ದ ಸಹಿ ನನ್ನದೊಂದೇ.

ಆ ಊರಿನಲ್ಲಿ ಯಾರಾದರೂ “ಇದನ್ನ ಓದಿ ನೋಡ್ದೋರು ಯಾರು?” ಎಂದು ಕೇಳಿದರೆ, ಅವರು ನನ್ನ ಸಹಿ ತೋರಿಸುವುದಿಲ್ಲ ಎಂದು ಏನು ಗ್ಯಾರಂಟಿ?