ಕಮಾನಿನಡಿ ತೂರದ ಟ್ಯಾಂಕರ್

ಗೆಳೆಯರೇ, ಇವತ್ತು ಬೆಳಗ್ಗೆ ನಮ್ಮ ಬಡಾವಣೆಗೆ ಬಂದ ನೀರಿನ ಟ್ಯಾಂಕರ್ ಹೊಸ ಸ್ವಾಗತ ಕಮಾನಿನ ಮುಂದೆ ಗಕ್ಕನೆ ನಿಂತಿತು.

ಕುರುಗೋಡು ರಸ್ತೆಯ ಈ ನಲವತ್ತು ಮನೆಗಳನ್ನು ಬಳ್ಳಾರಿ ನಗರದವರೂ ತಮ್ಮವೆನ್ನುವುದಿಲ್ಲ, ಪಂಚಾಯ್ತಿಯವರೂ ಅನ್ನುವುದಿಲ್ಲ. ನಲ್ಲಿ ಇಲ್ಲ, ವಾರಕ್ಕೆರಡು ಸಲ ಬರುವ ಟ್ಯಾಂಕರೇ ಗತಿ. ನಮಗೆ ನಿವಾಸಿಗಳ ಸಂಘವೇ ಸರಕಾರ. ಆ ಸರಕಾರ ನಿನ್ನೆಯಷ್ಟೇ ಕಮಾನು ಉದ್ಘಾಟಿಸಿತ್ತು. ಬಡಾವಣೆಯ ಹೆಸರು ಬಂಗಾರದ ಬಣ್ಣದಲ್ಲಿ, ಅಧ್ಯಕ್ಷರ ಹೆಸರು ಅದಕ್ಕಿಂತ ದೊಡ್ಡದಾಗಿ.

"ಸಾರ್, ಕಮಾನು ಗಿಡ್ಡ ಐತಿ. ಗಾಡಿ ಒಳಗ ಬರಾಂಗಿಲ್ಲ," ಎಂದ ಟ್ಯಾಂಕರ್ ಚಾಲಕ ಹುಸೇನಿ.

ಅಧ್ಯಕ್ಷರಿಗೆ ಅವಮಾನವಾಯಿತು. "ಕಮಾನು ಸರಿ ಐತಿ. ನಿನ್ನ ಗಾಡೀನ ಎತ್ತರ ಐತಿ. ಟೈರಿನ ಗಾಳಿ ಬಿಡು!"

"ಬಿಡ್ತೀನ್ರಿ. ವಾಪಸ್ ಹೋಗಾಕ ನೀವ ಊದಿ ಕೊಡ್ರಿ."

ಕೊನೆಗೆ ಎಲ್ಲರೂ ಕೊಡ ಹಿಡಿದು ಕಮಾನಿನ ಕೆಳಗೆ ಸಾಲು ನಿಂತೆವು. ಪಕ್ಕದ ಮನೆಯ ಈರಮ್ಮನವರಿಗೆ ಮೊಣಕಾಲು ನೋವು. ಎರಡನೇ ಕೊಡಕ್ಕೆ ಅರ್ಧ ದಾರಿಯಲ್ಲೇ ಕುಳಿತುಬಿಟ್ಟರು.

"ನಮ್ಮೂರು ಬಾದನಹಟ್ಟ್ಯಾಗ ಕೊಡ ಹೊತ್ತು ಸಾಕಾಗಿ ಇಲ್ಲಿ ಮನಿ ಕಟ್ಟಿಸಿದ್ವಿ, ಅಧ್ಯಕ್ಷರ. ಅಲ್ಲಿ ಕಮಾನೊಂದ ಇರ್ಲಿಲ್ಲ ನೋಡ್ರಿ."

ಅಧ್ಯಕ್ಷರು ಆ ಕೊಡವನ್ನು ತಾವೇ ಹೊತ್ತು ಅವರ ಮನೆಗೆ ಮುಟ್ಟಿಸಿದರು. ಪಶ್ಚಾತ್ತಾಪ ಇರಬೇಕು ಅಂದುಕೊಂಡೆ.

ಸಂಜೆ ತುರ್ತು ಸಭೆ ಕರೆದರು. ಕಮಾನನ್ನು ಯಾರೂ ಮುಟ್ಟುವಂತಿಲ್ಲ, ಗಿಡ್ಡ ಟ್ಯಾಂಕರ್ ಹುಡುಕಲು ಮೂವರ ಸಮಿತಿ ಎಂದು ಠರಾವಾಯಿತು. ನಕ್ಕ ತಪ್ಪಿಗೆ ನನ್ನನ್ನೂ ಸಮಿತಿಗೆ ಸೇರಿಸಿದ್ದಾರೆ. ಸಿರುಗುಪ್ಪ ಕಡೆ ಅಂಥದ್ದೇನಾದರೂ ಕಣ್ಣಿಗೆ ಬಿದ್ದರೆ ದಯವಿಟ್ಟು ತಿಳಿಸಿ, ನನ್ನ ಸ್ನಾನ ಇನ್ನೂ ಆಗಿಲ್ಲ.